ಸ್ಟಾರ್‌ಡ್ಯೂ ವ್ಯಾಲಿಯ ಮೊದಲ ವರ್ಷ: ನೀರಿನ ಲೆಕ್ಕದಿಂದ ಹೊಲ ಕಟ್ಟುವ ಸಮಗ್ರ ಮಾರ್ಗದರ್ಶಿ

2016ರ ಫೆಬ್ರವರಿ 26ರಂದು ಬಂದ ಸ್ಟಾರ್‌ಡ್ಯೂ ವ್ಯಾಲಿ ಎಂಬ ಬೇಸಾಯದ ವಿಡಿಯೊ ಆಟವನ್ನು ಕಟ್ಟಿದ್ದು ಎರಿಕ್ ಬರೋನ್. ಚಿತ್ರ, ಸಂಗೀತ, ಕತೆ ಎಲ್ಲವೂ ಅವರೊಬ್ಬರದೇ. ಪೆಲಿಕನ್ ಟೌನ್ ಎಂಬ ಸಣ್ಣ ಊರು, ಊರಾಚೆ ಗೋಪುರದಲ್ಲಿ ಒಬ್ಬ ಮಾಂತ್ರಿಕ, ಪಾಳುಬಿದ್ದ ಕಟ್ಟಡದಲ್ಲಿ ಜುನಿಮೋ ಎಂಬ ಕಾಡಿನ ಜೀವಗಳು, ಗಣಿಯೊಳಗೆ ಮೈಮೇಲೆ ಬೀಳುವ ಲೋಳೆಪ್ರಾಣಿಗಳು. ಇವೆಲ್ಲದರ ನಡುವೆ ತಾತ ಬಿಟ್ಟುಹೋದ ಹೊಲ ನಿಮ್ಮ ಪಾಲಿಗೆ ಬರುತ್ತದೆ. ಮರ, ಕಲ್ಲು, ಕಳೆ ತುಂಬಿದ ಬೀಳುಭೂಮಿ ಅದು.

ಹೊಸದಾಗಿ ಆಡುವವರಲ್ಲಿ ಹೆಚ್ಚಿನವರು ಮೊದಲ ವಾರವೇ ಎಡವುವುದು ಒಂದೇ ಕಡೆ. ಕೈಯಲ್ಲಿದ್ದ ದುಡ್ಡಿಗೆಲ್ಲ ಬೀಜ ತಂದು ಬಿತ್ತುತ್ತಾರೆ, ಆಮೇಲೆ ದಿನವೆಲ್ಲ ನೀರು ಹಾಕುವುದರಲ್ಲೇ ಕಳೆದುಹೋಗುತ್ತದೆ. ಗಣಿಗೆ ಹೋಗಲು ಹೊತ್ತಿಲ್ಲ, ಗಣಿಗೆ ಹೋಗದೆ ಲೋಹವಿಲ್ಲ, ಲೋಹವಿಲ್ಲದೆ ತಾನೇ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇಲ್ಲ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಬೀಜಕ್ಕಿಂತ ಮೊದಲು ನೀರಿನ ಲೆಕ್ಕ ಬರುತ್ತದೆ. ಆಟದಲ್ಲಿ ಕನ್ನಡದ ಆಯ್ಕೆ ಇಲ್ಲ. ಪರದೆಯ ಮೇಲೆ ಕಾಣುವ ಹೆಸರು ಗುರುತು ಹಿಡಿಯಲು ಬೇಕಾದ ಕಡೆ ಅದನ್ನೇ ಕನ್ನಡ ಲಿಪಿಯಲ್ಲಿ ಕೊಟ್ಟಿದೆ.

ಮೊದಲು ತಿಳಿದಿರಬೇಕಾದ ಅಳತೆಗಳು

ವರ್ಷಕ್ಕೆ ನಾಲ್ಕು ಋತು: ಸ್ಪ್ರಿಂಗ್ (ವಸಂತ), ಸಮ್ಮರ್ (ಬೇಸಿಗೆ), ಫಾಲ್ (ಎಲೆ ಉದುರುವ ಕಾಲ), ವಿಂಟರ್ (ಚಳಿಗಾಲ). ಒಂದೊಂದಕ್ಕೂ 28 ದಿನ. ದಿನ ಬೆಳಿಗ್ಗೆ 6ಕ್ಕೆ ಶುರುವಾಗಿ ರಾತ್ರಿ 2ಕ್ಕೆ ಮುಗಿಯುತ್ತದೆ. ನಮ್ಮ ಗಡಿಯಾರದಲ್ಲಿ ಅದು ಸುಮಾರು 14 ನಿಮಿಷ. 2 ಗಂಟೆಯೊಳಗೆ ಹಾಸಿಗೆ ಸೇರದಿದ್ದರೆ ಬಿದ್ದಲ್ಲೇ ಪ್ರಜ್ಞೆ ತಪ್ಪಿ, ಕೈಯಲ್ಲಿರುವ ಹಣದಲ್ಲೂ ಒಂದಿಷ್ಟು ಹೋಗಬಹುದು.

ಆರಂಭದಲ್ಲಿ ನಿಮ್ಮ ಶಕ್ತಿ 270. ಗುದ್ದಲಿಯಿಂದ ಒಂದು ಚೌಕ ಅಗೆದರೆ 2, ಒಂದು ಚೌಕಕ್ಕೆ ನೀರು ಹಾಕಿದರೆ 2 ಖರ್ಚು. ನೀರಿನ ಕ್ಯಾನ್ ಒಮ್ಮೆ ತುಂಬಿದರೆ 40 ಚೌಕಕ್ಕೆ ಸಾಲುತ್ತದೆ. ಅಂದರೆ ಒಂದು ಕ್ಯಾನ್ ಖಾಲಿಯಾಗುವಷ್ಟರಲ್ಲಿ 80 ಶಕ್ತಿ ಹೋಯಿತು, ಇಡೀ ದಿನದ ದುಡಿಮೆಯಲ್ಲಿ ಮೂರನೇ ಒಂದು ಪಾಲಿಗೆ ಹತ್ತಿರ. ಸ್ಪ್ರಿಂಕ್ಲರ್ ಬರುವ ತನಕ 40 ಗಿಡವೇ ನಿಮ್ಮ ಮಿತಿ ಎಂದುಕೊಳ್ಳಿ. ಬೇಸಾಯದ ಮಟ್ಟ ಏರಿದಂತೆ ಪ್ರತಿ ಏಟಿಗೆ 0.1ರಷ್ಟು ಶಕ್ತಿ ಉಳಿಯುತ್ತದೆ, ಆದರೆ ಮೊದಲ ತಿಂಗಳಲ್ಲಿ ಅದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗುವುದಿಲ್ಲ.

ಒಂದು ದಿನ ನೀರು ತಪ್ಪಿದರೆ ಗಿಡ ಸಾಯುವುದಿಲ್ಲ, ಆ ದಿನ ಬೆಳೆಯುವುದಿಲ್ಲ ಅಷ್ಟೇ. ಗಿಡವನ್ನು ಕೊಲ್ಲುವುದು ಋತು ಬದಲಾವಣೆ. 28ನೇ ರಾತ್ರಿ ಮಲಗಿ ಎದ್ದರೆ, ಮುಂದಿನ ಋತುವಿಗೆ ಸೇರದ ಬೆಳೆಯೆಲ್ಲ ಒಣಗಿ ನಿಂತಿರುತ್ತದೆ. ಹಾಗಾಗಿ ಬಿತ್ತುವ ಮುನ್ನ ಒಂದು ಕಳೆಯುವ ಲೆಕ್ಕ ಮಾಡಿ: 28ರಲ್ಲಿ ಬೆಳೆಯ ದಿನಗಳನ್ನು ಕಳೆಯಿರಿ, ಬಂದದ್ದೇ ಬಿತ್ತನೆಯ ಕೊನೆಯ ತಾರೀಖು. 4 ದಿನದ ಪಾರ್ಸ್ನಿಪ್‌ಗೆ 24, 6 ದಿನದ ಆಲೂಗಡ್ಡೆಗೆ 22, 12 ದಿನದ ಹೂಕೋಸಿಗೆ 16. ನಡುವೆ ಒಂದು ದಿನ ನೀರು ತಪ್ಪಿದರೂ ಈ ಲೆಕ್ಕ ಕೈಕೊಡುತ್ತದೆ.

ಆಟ ಶುರುವಾಗುವಾಗ ಹೊಲದ ನಕ್ಷೆ ಆರಿಸಬೇಕು. ಮೊದಲ ಸಲಕ್ಕೆ ಸ್ಟ್ಯಾಂಡರ್ಡ್ ಫಾರ್ಮ್ ಸಾಕು; ಬಯಲು ಜಾಗ ಅಲ್ಲೇ ಹೆಚ್ಚು. ಕಡಲತೀರದ ಬೀಚ್ ಫಾರ್ಮ್ ನೋಡಲು ಚೆಂದ, ಆದರೆ ಅಲ್ಲಿನ ಮರಳಿನ ಮೇಲೆ ಸ್ಪ್ರಿಂಕ್ಲರ್ ಇಡಲಾಗುವುದಿಲ್ಲ. ಈ ಮಾರ್ಗದರ್ಶಿಯ ದಾರಿಗೆ ಅದು ಒಗ್ಗುವುದಿಲ್ಲ.

ಸ್ಪ್ರಿಂಗ್ 1ರಿಂದ 5: ಮೊದಲ ಪಾತಿ

ಕೈಯಲ್ಲಿ 500 ಗೋಲ್ಡ್, ಜೊತೆಗೆ ಊರ ಮೇಯರ್ ಲೂಯಿಸ್ ಕೊಟ್ಟ 15 ಪಾರ್ಸ್ನಿಪ್ ಬೀಜ. ಪಾರ್ಸ್ನಿಪ್ ಎಂದರೆ ಬಿಳಿ ಗಜ್ಜರಿಯಂಥ ಗೆಡ್ಡೆ. ಮನೆ ಬಾಗಿಲಿನ ಮುಂದೆಯೇ, ನೀರಿನ ಗುಂಡಿಗೆ ಆದಷ್ಟು ಹತ್ತಿರ, ಕಳೆ ತೆಗೆದು 5 ಚೌಕ ಅಗಲ 3 ಚೌಕ ಉದ್ದ ಅಗೆದು 15ನ್ನೂ ಬಿತ್ತಿ ನೀರು ಹಾಕಿ. ಕಳೆ ಸವರುವಾಗ ಸಿಗುವ ನಾರನ್ನು ಮಾರಬೇಡಿ, ಆರನೇ ದಿನದೊಳಗೇ ಬೇಕಾಗುತ್ತದೆ.

ನಂತರ ಬೀಜ ಮಾರುವ ಪಿಯೆರ್ ಅಂಗಡಿಗೆ ಹೋಗಿ. ಬೆಳಿಗ್ಗೆ 9ರಿಂದ ಸಂಜೆ 5, ಬುಧವಾರ ರಜೆ. ಒಂದು ಹೂಕೋಸು (80), ಒಂದು ಹುರುಳಿಕಾಯಿ (60), ಏಳು ಆಲೂಗಡ್ಡೆ (350). ಒಟ್ಟು 490. ಹೂಕೋಸು, ಹುರುಳಿಕಾಯಿ ಒಂದೊಂದೇ ಏಕೆಂದರೆ ಅವು ಜುನಿಮೋಗಳು ಕೇಳುವ ಸಾಮಾನಿನ ಪಟ್ಟಿಗೆ, ಅಂದರೆ ಬಂಡಲ್‌ಗೆ ಬೇಕು. ಲಾಭಕ್ಕೆ ಆಲೂಗಡ್ಡೆ: 50ಕ್ಕೆ ಕೊಂಡದ್ದು 6 ದಿನದಲ್ಲಿ 80ಕ್ಕೆ ಹೋಗುತ್ತದೆ, ನಾಲ್ಕರಲ್ಲಿ ಒಂದು ಸಲ ಗಿಡದಡಿ ಹೆಚ್ಚಿನ ಗೆಡ್ಡೆಯೂ ಸಿಗುತ್ತದೆ. ಹುರುಳಿಕಾಯಿ ಚಪ್ಪರದ ಬೆಳೆ. ಚಪ್ಪರದ ಗಿಡದ ಮೂಲಕ ನಡೆದುಹೋಗಲು ಬಾರದು. ಪಾತಿಯ ನಡುವೆ ಹಾಕಿದರೆ ಹಿಂದಿನ ಗಿಡಕ್ಕೆ ನೀರು ಹಾಕಲು ಪರದಾಡಬೇಕಾಗುತ್ತದೆ. ಅಂಚಿಗೇ ಇರಲಿ.

ಎರಡನೇ ದಿನ ಕಡಲ ದಂಡೆಯಲ್ಲಿ ಮೀನುಗಾರ ವಿಲ್ಲಿ ಬಿದಿರಿನ ಗಾಳ ಕೊಡುತ್ತಾನೆ, ಬಿಡುವಿದ್ದಾಗ ಮೀನೇ ಕೈಖರ್ಚಿಗೆ ದಾರಿ. ಮೂರನೇ ದಿನ ಖಂಡಿತ ಮಳೆ. ಅವತ್ತು ಕ್ಯಾನ್ ಮುಟ್ಟದೆ ಮರ ಕಡಿಯಿರಿ. ಮನೆಯ ಟಿವಿಯಲ್ಲಿ ದಿನಾ ಬೆಳಿಗ್ಗೆ ನಾಳಿನ ಹವಾಮಾನ ಬರುತ್ತದೆ. ಅದನ್ನು ನೋಡದೆ ಮನೆ ಬಿಡಬೇಡಿ.

ಐದನೇ ದಿನ ಪಾರ್ಸ್ನಿಪ್ ಕೊಯ್ಲು. ಒಂದಕ್ಕೆ 8 ಅನುಭವದ ಅಂಕದಂತೆ 15ಕ್ಕೆ 120, ಬೇಸಾಯದ ಮೊದಲ ಮಟ್ಟಕ್ಕೆ 100 ಸಾಕು. ಆ ರಾತ್ರಿ ಬೆದರುಬೊಂಬೆ ಮಾಡುವ ವಿದ್ಯೆ ಸಿಗುತ್ತದೆ: 50 ಮರ, 1 ಕಲ್ಲಿದ್ದಲು, 20 ನಾರು. ಕಲ್ಲಿದ್ದಲು ಗಣಿಯಲ್ಲಿ ಸಿಗದಿದ್ದರೆ ಕಮ್ಮಾರ ಕ್ಲಿಂಟ್ ಬಳಿ 150ಕ್ಕೆ ಒಂದು. ಕಾಗೆಯ ಲೆಕ್ಕ ಹೀಗಿದೆ: ಪ್ರತಿ 16 ಗಿಡಕ್ಕೆ ಒಂದು ಕಾಗೆ ಬರಬಹುದು, 15ರೊಳಗೆ ಇದ್ದರೆ ಬರುವುದೇ ಇಲ್ಲ. ಬೊಂಬೆ ನಾಲ್ಕೂ ದಿಕ್ಕಿಗೆ 8 ಚೌಕ ಕಾಯುತ್ತದೆ, ಆದರೆ ಅದರ ಹರವು ದುಂಡಗೆ, ಮೂಲೆಗಳು ಹೊರಗುಳಿಯುತ್ತವೆ. ಬೊಂಬೆ ಇದ್ದೂ ಬೆಳೆ ಹೋಯಿತು ಎನ್ನುವವರ ಹೊಲ ನೋಡಿದರೆ, ಹೋದದ್ದು ಸಾಮಾನ್ಯವಾಗಿ ಮೂಲೆಯ ಗಿಡ.

ಪಾರ್ಸ್ನಿಪ್ ಮಾರುವಾಗ ಒಂದನ್ನು, ಮತ್ತು ಮೇಲಿನ ಗುಣಮಟ್ಟದ ಗುರುತಾದ ಚಿನ್ನದ ನಕ್ಷತ್ರ ಇರುವುದು ಬಂದರೆ ಅಷ್ಟನ್ನೂ ಪೆಟ್ಟಿಗೆಯಲ್ಲಿಡಿ. ಕಾರಣ ಮುಂದೆ ಬರುತ್ತದೆ.

ಗಣಿಗೆ ಇಳಿಯುವುದು

ಐದನೇ ದಿನವೇ ಊರ ಉತ್ತರಕ್ಕಿರುವ ಗಣಿಯ ದಾರಿ ತೆರೆಯುತ್ತದೆ. ನೀರು ಹಾಕಿ ಉಳಿದ ಶಕ್ತಿಯೆಲ್ಲ ಅಲ್ಲಿಗೆ ಹೋಗಲಿ. 39ನೇ ಅಂತಸ್ತಿನವರೆಗೆ ತಾಮ್ರ, 40ರಿಂದ ಕಬ್ಬಿಣ, 80ರಿಂದ ಚಿನ್ನ, ತಳ 120. ಐದೈದು ಅಂತಸ್ತಿಗೆ ಲಿಫ್ಟ್ ನಿಲ್ಲುತ್ತದೆ, ಆದ್ದರಿಂದ 5ರ ಗುಣಕ ಮುಟ್ಟದೆ ಹಿಂದಿರುಗಿದರೆ ಇಳಿದ ಶ್ರಮ ವ್ಯರ್ಥ. ತಾಮ್ರದ ಅದಿರು ಕೈಗೆ ಬಂದ ಮೇಲೆ ಕ್ಲಿಂಟ್ ಮನೆಗೇ ಬಂದು ಕುಲುಮೆಯ ವಿಧಾನ ಹೇಳಿಕೊಡುತ್ತಾನೆ: 20 ತಾಮ್ರದ ಅದಿರು, 25 ಕಲ್ಲು. ಯಾವ ಲೋಹವಾದರೂ 5 ಅದಿರು, 1 ಕಲ್ಲಿದ್ದಲಿಗೆ ಒಂದು ಗಟ್ಟಿ.

ಶಕ್ತಿ ಸಾಲದಾದಾಗ ತಿನ್ನಲು ಕಾಡಿನ ದಕ್ಷಿಣದ ತುದಿಯಲ್ಲಿ ಸ್ಪ್ರಿಂಗ್‌ನುದ್ದಕ್ಕೂ ಈರುಳ್ಳಿಯ ಹೂವಿನಂಥ ಸೊಪ್ಪು ಪುಕ್ಕಟೆ ಸಿಗುತ್ತದೆ. 15ರಿಂದ 18ರವರೆಗೆ ಊರಿನ ಪೊದೆಗಳಲ್ಲಿ ಸಾಮನ್‌ಬೆರಿ ಎಂಬ ಹಣ್ಣು ತೂಗುತ್ತದೆ, ಒಂದೊಂದಕ್ಕೆ 25 ಶಕ್ತಿ. ಆ ನಾಲ್ಕು ದಿನ ಪೊದೆ ಅಲ್ಲಾಡಿಸುತ್ತ ತಿರುಗಿ; ಗಣಿಯ ಒಂದು ತಿಂಗಳ ಬುತ್ತಿ ಅದರಲ್ಲೇ ಆಗುತ್ತದೆ.

ನಮ್ಮ ಅನುಭವದ ಗುರಿ: ಸ್ಪ್ರಿಂಗ್ 20ರ ಹೊತ್ತಿಗೆ 40ನೇ ಅಂತಸ್ತು, ಸಮ್ಮರ್ ಶುರುವಾಗಿ ಒಂದು ವಾರದೊಳಗೆ 80. ತಡವಾದರೆ ಹೊಲವೂ ಅಷ್ಟೇ ತಡವಾಗುತ್ತದೆ.

13ನೇ ತಾರೀಖಿನ ಸ್ಟ್ರಾಬೆರಿ

ಸ್ಪ್ರಿಂಗ್ 13ರ ಮೊಟ್ಟೆ ಹಬ್ಬದಲ್ಲಿ ಮಾತ್ರ ಸ್ಟ್ರಾಬೆರಿ ಬೀಜ ಸಿಗುತ್ತದೆ, ಒಂದಕ್ಕೆ 100. ಹಣ್ಣಿನ ಬೆಲೆ 120. ಮೊದಲ ಹಣ್ಣಿಗೆ 8 ದಿನ, ಆಮೇಲೆ 4 ದಿನಕ್ಕೊಮ್ಮೆ. ಅಂದೇ ರಾತ್ರಿ ಬಿತ್ತಿದರೆ 21 ಮತ್ತು 25ಕ್ಕೆ ಎರಡು ಕೊಯ್ಲು. ಮಾರನೇ ದಿನ ಬಿತ್ತಿದರೂ 22, 26 ಸಿಗುತ್ತದೆ, ಆದರೆ ನೀರು ತಪ್ಪಿದರೆ ಇರುವ ಬಿಡುವು ಎರಡೇ ದಿನಕ್ಕೆ ಇಳಿಯುತ್ತದೆ.

ಹಬ್ಬ ಮುಗಿಸಿ ಮನೆಗೆ ಬಂದಾಗ ಗಡಿಯಾರ ರಾತ್ರಿ 10 ತೋರಿಸುತ್ತದೆ. ಅಷ್ಟು ಹೊತ್ತಿಗೆ ಅಗೆಯಲು ಕೂತರೆ ಆಗುವುದಿಲ್ಲ. ಬೆಳಿಗ್ಗೆ ಹಬ್ಬಕ್ಕೆ ಹೊರಡುವ ಮುನ್ನವೇ ಬೇಕಾದಷ್ಟು ಚೌಕ ಅಗೆದು, ನೀರೂ ಹಾಕಿಟ್ಟು ಹೋಗಿ. ಹಸಿ ಮಣ್ಣಿನಲ್ಲಿ ಬೀಜ ಉದುರಿಸುವುದಷ್ಟೇ ಉಳಿದರೆ ಹತ್ತು ನಿಮಿಷದ ಕೆಲಸ. 2,000 ಗೋಲ್ಡ್ ಕೂಡಿಸಿದ್ದರೆ 20 ಬೀಜ. ಹಿಂದಿನ ಆಲೂಗಡ್ಡೆಯ ಪಾತಿಯೂ ಸೇರಿ 40 ದಾಟದಂತೆ ನೋಡಿಕೊಳ್ಳಿ. ಒಂದೆರಡು ಬೀಜ ಪೆಟ್ಟಿಗೆಯಲ್ಲೂ ಉಳಿಸಿ. ಮುಂದಿನ ಸ್ಪ್ರಿಂಗ್ 1ಕ್ಕೆ ಬಿತ್ತಿದರೆ ಅದೇ ಗಿಡ 9, 13, 17, 21, 25ಕ್ಕೆ ಐದು ಸಲ ಕೊಡುತ್ತದೆ.

ಕ್ಯಾನ್ ಸುಧಾರಿಸುವುದಕ್ಕೆ ಸರಿಯಾದ ದಿನವೂ ಉಂಟು. ತಾಮ್ರದ ಕ್ಯಾನ್‌ಗೆ 5 ತಾಮ್ರದ ಗಟ್ಟಿ, 2,000 ಗೋಲ್ಡ್. ಕೊಟ್ಟರೆ ಎರಡು ದಿನ ಬಿಟ್ಟು ಸಿಗುತ್ತದೆ. ಟಿವಿ ನಾಳೆ ಮಳೆ ಎಂದಿತೋ, ಇವತ್ತು ನೀರು ಹಾಕಿ ಮುಗಿಸಿ ಮಧ್ಯಾಹ್ನ ಕ್ಲಿಂಟ್‌ಗೆ ಕೊಡಿ. ನಾಳೆಯ ನೀರನ್ನು ಮಳೆ ನೋಡಿಕೊಳ್ಳುತ್ತದೆ, ನಾಡಿದ್ದು 9ಕ್ಕೆ ಅಂಗಡಿ ತೆರೆದಾಗ ತಂದರಾಯಿತು. ಒಂದು ದಿನವೂ ತಪ್ಪುವುದಿಲ್ಲ. ಹಬ್ಬದ ಮುಂಚೆ ದುಡ್ಡು ಎರಡಕ್ಕೂ ಸಾಲದಿದ್ದರೆ ಸ್ಟ್ರಾಬೆರಿಯೇ ಮೊದಲು.

ಸ್ಪ್ರಿಂಕ್ಲರ್

ಮೂರು ಬಗೆ ಇವೆ. ಬೇಸಾಯದ 2ನೇ ಮಟ್ಟದಲ್ಲಿ ಬರುವ ಸಾದಾ ಸ್ಪ್ರಿಂಕ್ಲರ್‌ಗೆ ಒಂದು ತಾಮ್ರ, ಒಂದು ಕಬ್ಬಿಣದ ಗಟ್ಟಿ. ಮೇಲೆ, ಕೆಳಗೆ, ಎಡ, ಬಲ ಎಂದು 4 ಚೌಕಕ್ಕೆ ನೀರು. 6ನೇ ಮಟ್ಟದ ಕ್ವಾಲಿಟಿ ಸ್ಪ್ರಿಂಕ್ಲರ್‌ಗೆ ಕಬ್ಬಿಣ, ಚಿನ್ನದ ಗಟ್ಟಿ ಮತ್ತು ಕುಲುಮೆಯಲ್ಲಿ ಸಂಸ್ಕರಿಸಿದ ಕ್ವಾರ್ಟ್ಜ್ ಎಂಬ ಹರಳು ಒಂದೊಂದು; ಸುತ್ತಲಿನ 8 ಚೌಕಕ್ಕೂ ನೀರು. 9ನೇ ಮಟ್ಟದ ಇರಿಡಿಯಂ ಸ್ಪ್ರಿಂಕ್ಲರ್ 24 ಚೌಕ ತೋಯಿಸುತ್ತದೆ, ಅದಕ್ಕೆ ಚಿನ್ನದ ಗಟ್ಟಿ, ಇರಿಡಿಯಂ ಗಟ್ಟಿ, ಬ್ಯಾಟರಿ ಒಂದೊಂದು ಬೇಕು. ಮೊದಲ ವರ್ಷಕ್ಕೆ ಅದು ದೂರದ ಮಾತು.

ಸಾದಾ ಸ್ಪ್ರಿಂಕ್ಲರ್ ಸಾಲುಸಾಲಾಗಿ ಮಾಡಬೇಡಿ. ನಾಲ್ಕು ಗಿಡಕ್ಕೊಂದರಂತೆ ಕಬ್ಬಿಣ ತಿಂದುಹಾಕುತ್ತದೆ, ಅದರ ಕೂಡುವ ಗುರುತಿನ (+) ಆಕಾರಕ್ಕೆ ಪಾತಿ ಹೊಂದಿಸುವುದೂ ಕಿರಿಕಿರಿ. ಮೂರೋ ನಾಲ್ಕೋ ಮಾಡಿ ಸ್ಟ್ರಾಬೆರಿಗೆ ಇಟ್ಟು, ಉಳಿದ ಕಬ್ಬಿಣವನ್ನು ಕ್ವಾಲಿಟಿ ಸ್ಪ್ರಿಂಕ್ಲರ್‌ಗೆ ಕೂಡಿಡಿ. ಒಂದು ಕ್ವಾಲಿಟಿ ಸ್ಪ್ರಿಂಕ್ಲರ್‌ಗೆ ಒಟ್ಟು 5 ಕಬ್ಬಿಣದ ಅದಿರು, 5 ಚಿನ್ನದ ಅದಿರು, 1 ಕ್ವಾರ್ಟ್ಜ್, 3 ಕಲ್ಲಿದ್ದಲು. ಆರು ಬೇಕೆಂದರೆ 30, 30, 6, 18. ಗಣಿಯಲ್ಲಿ ಚಿನ್ನಕ್ಕಿಂತ ಮೊದಲು ಮುಗಿದುಹೋಗುವುದು ಕಲ್ಲಿದ್ದಲೇ ಎಂಬುದನ್ನು ನೆನಪಿಡಿ.

ಇಡುವ ಕ್ರಮ: 3 ಚೌಕ ಅಗಲ 3 ಚೌಕ ಉದ್ದದ ಮನೆ ಮಾಡಿ, ನಡುವಿನ ಚೌಕದಲ್ಲಿ ಸ್ಪ್ರಿಂಕ್ಲರ್, ಸುತ್ತ 8 ಗಿಡ. ಇಂಥ ಮೂರು ಮನೆ ಒಂದರ ಕೆಳಗೊಂದು, ಪಕ್ಕದಲ್ಲಿ ಒಂದು ಚೌಕದ ಓಣಿ ಬಿಟ್ಟು ಇನ್ನು ಮೂರು. ಆರು ಮನೆಗೆ 48 ಗಿಡ. ಓಣಿಯ ನಟ್ಟನಡುವೆ ಒಂದು ಬೆದರುಬೊಂಬೆ ನಿಲ್ಲಿಸಿದರೆ 48ಕ್ಕೂ ಕಾವಲು. ಓಣಿ ಬಿಡದೆ ಒತ್ತಾಗಿ ಹಾಕಿದರೂ ಸಾದಾ ಬೆಳೆಗೆ ತೊಂದರೆಯಿಲ್ಲ, ಚಪ್ಪರದ ಬೆಳೆ ಹಾಕಿದ ದಿನ ಗೊತ್ತಾಗುತ್ತದೆ.

ಎಲ್ಲರೂ ಮಾಡುವ ತಪ್ಪೊಂದಿದೆ. ಸ್ಪ್ರಿಂಕ್ಲರ್ ನೀರು ಚಿಮ್ಮುವುದು ಬೆಳಿಗ್ಗೆ 6ಕ್ಕೆ ಮಾತ್ರ. ಹಗಲಲ್ಲಿ ಇಟ್ಟರೆ ಅಂದು ಒಂದು ಹನಿಯೂ ಬರುವುದಿಲ್ಲ. ಇಟ್ಟು, ಅಗೆದು, ಬಿತ್ತಿ, ಇನ್ನು ಚಿಂತೆಯಿಲ್ಲವೆಂದು ಮಲಗಿದರೆ ಮೊದಲ ದಿನದ ಬೆಳವಣಿಗೆ ಹೋಯಿತು. ಬ್ಲೂಬೆರಿಯಂಥ ಬೆಳೆಗೆ ಆ ಒಂದು ದಿನ ಎಲ್ಲ ಕೊಯ್ಲನ್ನೂ ಒಂದೊಂದು ದಿನ ಹಿಂದೆ ತಳ್ಳುತ್ತದೆ. ಬಿತ್ತಿದ ದಿನ ಕೈಯಾರೆ ನೀರು ಹಾಕಲೇಬೇಕು.

ಸಮ್ಮರ್: ಬ್ಲೂಬೆರಿಯ ತಿಂಗಳು

ಸಮ್ಮರ್ 1ರ ಬೆಳಿಗ್ಗೆ ಕೈಯಲ್ಲಿ ಕನಿಷ್ಠ 3,000 ಗೋಲ್ಡ್ ಇರಲಿ. ಬ್ಲೂಬೆರಿ ಬೀಜ 80. 13 ದಿನಕ್ಕೆ ಮೊದಲ ಕೊಯ್ಲು, ಆಮೇಲೆ 4 ದಿನಕ್ಕೊಮ್ಮೆ: 14, 18, 22, 26. ಸಲಕ್ಕೆ ಮೂರು ಹಣ್ಣು, ಹಣ್ಣಿಗೆ 50. ಒಂದು ಗಿಡದಿಂದ ಋತುವಿಗೆ 600. ಕರ್ಬೂಜ, ಅಂದರೆ ಆಟದ ಮೆಲನ್, ಬೀಜ 80, ಹಣ್ಣು 250, 12 ದಿನ. ಎರಡು ಬೆಳೆ ತೆಗೆದರೂ ಬೀಜದ ಖರ್ಚು ಕಳೆದು 340. ಹಾಗಾಗಿ ಹೊಲದ ಮುಕ್ಕಾಲು ಪಾಲು ಬ್ಲೂಬೆರಿ, ಉಳಿದದ್ದರಲ್ಲಿ ಒಂದು ಮನೆ ಕರ್ಬೂಜ. 3 ಚೌಕ ಅಗಲ 3 ಚೌಕ ಉದ್ದ ಕರ್ಬೂಜವೇ ತುಂಬಿದ್ದರೆ ಅಪರೂಪಕ್ಕೆ ಒಂಬತ್ತೂ ಸೇರಿ ಒಂದೇ ದೈತ್ಯ ಹಣ್ಣಾಗುತ್ತದೆ. ಅದಕ್ಕೆ ಸ್ಪ್ರಿಂಕ್ಲರ್ ನಡುವೆ ಇರಬಾರದು, ಕೈನೀರೇ ಹಾಕಬೇಕು. ಹೂಕೋಸು, ಕುಂಬಳಕ್ಕೂ ಇದೇ ನಿಯಮ.

13 ಮತ್ತು 26ರಂದು ಗುಡುಗು ಮಳೆ ತಪ್ಪದು. ಸಿಡಿಲು ಬೆಳೆಯ ಮೇಲೂ ಬೀಳಬಹುದು. ಒಂದು ಕಬ್ಬಿಣದ ಗಟ್ಟಿ, ಒಂದು ಸಂಸ್ಕರಿಸಿದ ಕ್ವಾರ್ಟ್ಜ್, ಐದು ಬಾವಲಿ ರೆಕ್ಕೆಗೆ ಒಂದು ಸಿಡಿಲುಕಂಬ ಆಗುತ್ತದೆ. ಅದು ಸಿಡಿಲು ಹಿಡಿದು ಬ್ಯಾಟರಿ ಕೊಡುತ್ತದೆ, ಮುಂದೆ ಇರಿಡಿಯಂ ಸ್ಪ್ರಿಂಕ್ಲರ್‌ಗೆ ಬೇಕಾದದ್ದೂ ಅದೇ.

ಹಣ್ಣು ಬಂದಂತೆಲ್ಲ ಮಾರಿಬಿಡಬೇಡಿ. 4ನೇ ಮಟ್ಟದಲ್ಲಿ ಸಿಗುವ ಪ್ರಿಸರ್ವ್ಸ್ ಜಾರ್ ಅಂದರೆ ಮುರಬ್ಬದ ಭರಣಿ: 50 ಮರ, 40 ಕಲ್ಲು, 8 ಕಲ್ಲಿದ್ದಲು. ಹಣ್ಣಿನ ಬೆಲೆಯ ಎರಡು ಪಟ್ಟಿಗೆ 50 ಸೇರಿಸಿ ಕೊಡುತ್ತದೆ. 8ನೇ ಮಟ್ಟದ ಕೆಗ್ ಎಂಬ ಪೀಪಾಯಿಗೆ 30 ಮರ, ತಾಮ್ರ ಮತ್ತು ಕಬ್ಬಿಣದ ಗಟ್ಟಿ ಒಂದೊಂದು, ಓಕ್ ಮರದ ಅಂಟು ಒಂದು; ಅದರ ವೈನ್‌ಗೆ ಹಣ್ಣಿನ ಮೂರು ಪಟ್ಟು ಬೆಲೆ. ಪೀಪಾಯಿಯೇ ಮೇಲು ಎಂಬ ಮಾತು ಪೂರ್ತಿ ಸರಿಯಲ್ಲ. 50ರ ಬ್ಲೂಬೆರಿ ಭರಣಿಯಲ್ಲೂ 150, ಪೀಪಾಯಿಯಲ್ಲೂ 150. ಆದರೆ ಭರಣಿಗೆ ಸುಮಾರು ಮೂರು ದಿನ, ಪೀಪಾಯಿಗೆ ಏಳು. 250ರ ಕರ್ಬೂಜಕ್ಕೆ ಭರಣಿ 550, ಪೀಪಾಯಿ 750. ಅಗ್ಗದ ಹಣ್ಣು ಭರಣಿಗೆ, ದುಬಾರಿ ಹಣ್ಣು ಪೀಪಾಯಿಗೆ. ಓಕ್ ಅಂಟಿಗಾಗಿ 40 ಮರ, 2 ತಾಮ್ರದ ಗಟ್ಟಿಯ ಟ್ಯಾಪರನ್ನು ಮೊದಲೇ ನಾಲ್ಕಾರು ಓಕ್ ಮರಕ್ಕೆ ಕಟ್ಟಿಡಿ. ಅಂಟು ಇಳಿಯಲು ಒಂದು ವಾರದ ಹತ್ತಿರ ಹಿಡಿಯುತ್ತದೆ.

ದನ, ಕೋಳಿ

ಕೋಳಿಗೂಡಿಗೆ 4,000 ಗೋಲ್ಡ್, 300 ಮರ, 100 ಕಲ್ಲು. ಕೊಟ್ಟಿಗೆಗೆ 6,000, 350 ಮರ, 150 ಕಲ್ಲು. ಎರಡನ್ನೂ ಬಡಗಿ ರಾಬಿನ್ ಕಟ್ಟಿಕೊಡುತ್ತಾಳೆ. ಅವಳ ಅಂಗಡಿ ಮಂಗಳವಾರ ಇಲ್ಲ. ಕೋಳಿ 800, ಹಸು 1,500, ಮಾರ್ನಿಯ ಬಳಿ. ಅವಳು ಸೋಮವಾರ, ಮಂಗಳವಾರ ಸಿಗುವುದಿಲ್ಲ.

ಇವೆಲ್ಲಕ್ಕಿಂತ ಮೊದಲು ಕಟ್ಟಬೇಕಾದದ್ದು ಸೈಲೋ, ಹುಲ್ಲಿನ ಕಣಜ: 100 ಗೋಲ್ಡ್, 100 ಕಲ್ಲು, 10 ಜೇಡಿಮಣ್ಣು, 5 ತಾಮ್ರದ ಗಟ್ಟಿ. ಕಣಜವಿಲ್ಲದೆ ಕುಡುಗೋಲಿನಿಂದ ಹುಲ್ಲು ಸವರಿದರೆ ಒಣಹುಲ್ಲು ಎಲ್ಲೂ ಸೇರದೆ ನಷ್ಟ. ಹೊಲದ ಹುಲ್ಲನ್ನು ಕಳೆಯೆಂದು ಮೊದಲ ವಾರವೇ ಸವರಿ ಚೊಕ್ಕ ಮಾಡಿದವರು ವಿಂಟರ್‌ನಲ್ಲಿ ಒಣಹುಲ್ಲಿನ ಒಂದೊಂದು ಕಟ್ಟಿಗೂ 50 ಗೋಲ್ಡ್ ತೆರುತ್ತಾರೆ. ಒಂದು ಕಣಜಕ್ಕೆ 240 ಕಟ್ಟು ಹಿಡಿಯುತ್ತದೆ. ಒಂದು ಪ್ರಾಣಿಗೆ ದಿನಕ್ಕೆ ಒಂದು. ಎಂಟು ಪ್ರಾಣಿಗೆ 28 ದಿನಕ್ಕೆ 224. ಒಂದು ಕಣಜಕ್ಕೆ ಎಂಟು ಬಾಯಿ ಎಂದಿಟ್ಟುಕೊಳ್ಳಿ.

ಫಾಲ್ ಮತ್ತು ಜುನಿಮೋಗಳ ಹಸಿರುಮನೆ

ಫಾಲ್‌ನಲ್ಲಿ ಕ್ರ್ಯಾನ್‌ಬೆರಿ. ಬೀಜ 240 ಎಂದು ಹೆದರಿ ಬಿಡುವವರೇ ಹೆಚ್ಚು. 1ಕ್ಕೆ ಬಿತ್ತಿದರೆ 8, 13, 18, 23, 28ಕ್ಕೆ ಐದು ಕೊಯ್ಲು, ಸಲಕ್ಕೆ ಎರಡು ಹಣ್ಣು, ಹಣ್ಣಿಗೆ 75, ಒಟ್ಟು 750. ಆದರೆ ಕೊನೆಯ ಕೊಯ್ಲು ನಿಂತಿರುವುದು ಋತುವಿನ ಕೊನೆಯ ದಿನದ ಮೇಲೆ, ಒಂದು ದಿನ ತಡವಾದರೆ 150 ಹೋಯಿತು. ಕುಂಬಳ ಬೀಜ 100, ಕಾಯಿ 320, 13 ದಿನ. 1ಕ್ಕೆ ಮತ್ತು 14ಕ್ಕೆ ಬಿತ್ತಿದರೆ ಎರಡು ಬೆಳೆ. 40 ಕ್ರ್ಯಾನ್‌ಬೆರಿ, 8 ಕುಂಬಳ ಎಂದರೆ 10,400 ಗೋಲ್ಡ್. ಸಮ್ಮರ್‌ನ ಕೊನೆಯ ವಾರ ಇದಕ್ಕೆಂದೇ ದುಡ್ಡು ತೆಗೆದಿಡಿ.

ಕಮ್ಯುನಿಟಿ ಸೆಂಟರ್ ಎಂಬ ಪಾಳುಕಟ್ಟಡದ ಪ್ಯಾಂಟ್ರಿ ಕೋಣೆಯಲ್ಲಿ ಜುನಿಮೋಗಳು ಕೇಳುವ ಬಂಡಲ್ ಆರು. ಸ್ಪ್ರಿಂಗ್‌ಗೆ ಪಾರ್ಸ್ನಿಪ್, ಹುರುಳಿಕಾಯಿ, ಹೂಕೋಸು, ಆಲೂಗಡ್ಡೆ; ಸಮ್ಮರ್‌ಗೆ ಟೊಮೆಟೊ, ಮೆಣಸಿನಕಾಯಿ, ಬ್ಲೂಬೆರಿ, ಕರ್ಬೂಜ; ಫಾಲ್‌ಗೆ ಮೆಕ್ಕೆಜೋಳ, ಬದನೆ, ಕುಂಬಳ, ಗೆಣಸು. ಒಂದೊಂದು ಸಾಕು. ತೊಡಕು ನಾಲ್ಕನೆಯದರಲ್ಲಿ: ಪಾರ್ಸ್ನಿಪ್, ಕರ್ಬೂಜ, ಕುಂಬಳ, ಮೆಕ್ಕೆಜೋಳ, ಇವುಗಳಲ್ಲಿ ಮೂರು ಬಗೆ, ಪ್ರತಿಯೊಂದೂ ಚಿನ್ನದ ನಕ್ಷತ್ರದ್ದು ಐದೈದು. ಮೊದಲ ಕೊಯ್ಲಿನಲ್ಲೇ ತೆಗೆದಿಡಿ ಎಂದದ್ದು ಇದಕ್ಕೆ. ಬಿತ್ತುವ ಮುನ್ನ ಮಣ್ಣಿಗೆ ಗೊಬ್ಬರ ಹಾಕಿದರೆ ನಕ್ಷತ್ರದ ಅವಕಾಶ ಹೆಚ್ಚುತ್ತದೆ. ಸಾದಾ ಗೊಬ್ಬರಕ್ಕೆ ಮರದ ಅಂಟುರಸ ಎರಡು ಸಾಕು. ಉಳಿದ ಎರಡು ಬಂಡಲ್ ದನಕೋಳಿಯದು ಮತ್ತು ಮುರಬ್ಬ, ಚೀಸ್‌ನಂಥ ಮಾಡಿದ ಪದಾರ್ಥದ್ದು. ಆರೂ ಮುಗಿದರೆ ಹೊಲದಲ್ಲಿ ಮುರಿದುಬಿದ್ದ ಹಸಿರುಮನೆ ರಾತ್ರೋರಾತ್ರಿ ಎದ್ದು ನಿಲ್ಲುತ್ತದೆ. ಒಳಗೆ 120 ಚೌಕ ಮಣ್ಣು, ಎಲ್ಲ ಋತುವಿನ ಬೆಳೆಯೂ ವರ್ಷವಿಡೀ. ಆಟದ ಶುರುವಿನಲ್ಲಿ ಬಂಡಲ್‌ಗಳನ್ನು ಕಲಸುವ ಆಯ್ಕೆ ಒತ್ತಿದ್ದರೆ ಪಟ್ಟಿ ಬೇರೆ ಇರುತ್ತದೆ, ಕೋಣೆಯಲ್ಲೇ ನೋಡಿಕೊಳ್ಳಿ.

ವಿಂಟರ್

ಬಯಲಲ್ಲಿ ಮಾಮೂಲಿ ಬೆಳೆ ಯಾವುದೂ ಬರುವುದಿಲ್ಲ. ಸ್ಪ್ರಿಂಕ್ಲರ್ ಕೀಳಬೇಡಿ, ಇದ್ದಲ್ಲೇ ಇರಲಿ. ಕ್ಯಾನ್ ಬೇಡದ ಈ 28 ದಿನಗಳಲ್ಲಿ ಅದನ್ನು ಕ್ಲಿಂಟ್‌ಗೆ ನಿಶ್ಚಿಂತೆಯಿಂದ ಕೊಡಬಹುದು: ಸ್ಟೀಲ್ ಕ್ಯಾನ್‌ಗೆ 5 ಕಬ್ಬಿಣದ ಗಟ್ಟಿ, 5,000 ಗೋಲ್ಡ್, ಒಂದೇ ಸಲಕ್ಕೆ 5 ಚೌಕದ ಸಾಲಿಗೆ ನೀರು. ಉಳಿದ ಹೊತ್ತೆಲ್ಲ ಗಣಿ. ಇನ್ನು ಆರು ಕ್ವಾಲಿಟಿ ಸ್ಪ್ರಿಂಕ್ಲರ್‌ಗೆ ಸಾಕಾಗುವಷ್ಟು ಅದಿರು ತಂದು, 28ರ ಸಂಜೆಯೊಳಗೆ ಹೊಸ ಮನೆಗಳ ನಡುಚೌಕದಲ್ಲಿ ಅವನ್ನು ಕೂರಿಸಿ. ಸ್ಪ್ರಿಂಗ್ 1ರ ಬೆಳಿಗ್ಗೆ ಆ ಮನೆಗಳನ್ನು ಅಗೆದು, ಪೆಟ್ಟಿಗೆಯಲ್ಲಿಟ್ಟ ಸ್ಟ್ರಾಬೆರಿಯಿಂದ ಶುರುಮಾಡಿ, ಅಂದಿನ ನೀರನ್ನು ಮಾತ್ರ ಕ್ಯಾನಿನಿಂದ ಹಾಕಿ.